ಅಂದಾನಪ್ಪನ ಕರಿ ಫಿಲಂ

ರಹಮಾನಸಾಬನಿಗೆ ಆ ದಿನ ಎರಡು ಕೆಲಸಗಳಿದ್ದವು. ಬೆಳಿಗ್ಗೆ ಗದಗಿಗೆ ಹೋಗಿ ಎದೆಯ ಎಕ್ಸ್‌ರೇ ಫಿಲಂ ತೆಗೆಸಿಕೊಂಡು ಬರುವುದು ಒಂದು, ಸಂಜೆಯೊಳಗೆ ಶಿರಹಟ್ಟಿಗೆ ಮರಳಿ ಹುಚ್ಚವ್ವನ ಮನೆಗೆ ಹೋಗುವುದು ಇನ್ನೊಂದು. ಮೊದಲನೆಯದರ ಬಗ್ಗೆ ಅವನಿಗೆ ಅಂಥ ಅಂಜಿಕೆ ಇರಲಿಲ್ಲ. ಬೇಸಿಗೆಯಲ್ಲಿ ಕೊರೋನಾ ಬಂದು, ಎರಡೂ ಪುಪ್ಪುಸ ಬೆಳ್ಳಗಾಗಿ, ಮನೆಯವರೆಲ್ಲ ಆಸೆ ಬಿಟ್ಟು ಕೂತಿದ್ದಾಗ ಎದ್ದು ಬಂದ ಮನುಷ್ಯ ಇನ್ನೊಂದು ಫಿಲಮ್ಮಿಗೆ ಹೆದರುವುದೇನು? ಹೆದರಿಕೆಯಿದ್ದದ್ದು ಹುಚ್ಚವ್ವನ ಮುಖ ನೋಡುವುದಕ್ಕೆ. ಅವಳ ಗಂಡ ಅಂದಾನಪ್ಪ ಅದೇ ಬೇಸಿಗೆಯಲ್ಲಿ, ಅದೇ ರೋಗದಿಂದ ತೀರಿಕೊಂಡಿದ್ದ. ಇಬ್ಬರೂ ಒಂದೇ ದಿನ, ಒಂದೇ ಟಂಟಂ ರಿಕ್ಷಾದಲ್ಲಿ ಗದಗಿಗೆ ಹೋಗಿ, ಒಂದೇ ಖೋಲಿಯಲ್ಲಿ ನಿಂತು ಫಿಲಂ ತೆಗೆಸಿದ್ದರು. ಅಂದಾನಪ್ಪನದು ಚೊಕ್ಕ ಬಂದಿತ್ತು. ರಹಮಾನಸಾಬನದು ನೋಡಬಾರದ ಹಾಗೆ ಬಂದಿತ್ತು. ಆದರೆ ಹೋದವನು ಅಂದಾನಪ್ಪ. ಉಳಿದವನು ಅಂದಿನಿಂದ ಹುಚ್ಚವ್ವನ ಓಣಿ ತಪ್ಪಿಸಿ, ಮಸೀದಿಗೆ ಹೋಗುವುದಕ್ಕೂ ಸುತ್ತು ಹಾಕಿಕೊಂಡು, ಬ್ಯಾಂಕಿನ ಹಿಂದಿನ ದಾರಿ ಹಿಡಿದು ಓಡಾಡುತ್ತಿದ್ದ. ಅಂದಾನಪ್ಪನ ಮಣ್ಣಿಗೆ ಹೋಗಲಾಗಲಿಲ್ಲ, ಸರಿ, ಆಗ ಅವನು ಆಸ್ಪತ್ರೆಯಲ್ಲಿದ್ದ. ಆಮೇಲೆ ಮಳೆಗಾಲ ಕಳೆಯಿತು, ಹತ್ತಿ ಬಿಡಿಸುವ ಕಾಲ ಬಂತು, ಆಗಲೂ ಹೋಗಲಿಲ್ಲವಲ್ಲ, ಅದಕ್ಕೆ ಯಾವ ಡಾಕ್ಟರ ಚೀಟಿಯೂ ಇರಲಿಲ್ಲ. ಹೀಗಿರುವಾಗ ನಿನ್ನೆ ಅವಳೇ ಹೇಳಿ ಕಳಿಸಿದ್ದಳು.

“ಗಾದಿ ಒಂದು ಬಿಚ್ಚಬೇಕಂತ” ಅಂದಿದ್ದಳು ಮೋತಿಬಿ, ರೊಟ್ಟಿ ಬಡಿಯುತ್ತ, ಗಂಡನ ಮುಖ ನೋಡದೆ. “ಮಗನ್ನ, ಅಯ್ಯೂಬನ್ನ ಕಳಸಬ್ಯಾಡ, ಅವರs ಬರಲಿ ಅಂದಾಳ.”

“ನನಗ ಧೂಳು ಆಗೂದಿಲ್ಲ ಅಂತ ಹೇಳಬೇಕಿಲ್ಲೇನು?”

“ಹೇಳೀನಿ. ಬಂದ್ರ ಸಾಕು ಅಂದಾಳ.”

ಮೋತಿಬಿ ಇನ್ನೇನಾದರೂ ಹೇಳಿಯಾಳು ಎಂದು ಅವನು ಒಲೆಯ ಮುಂದೆ ಸ್ವಲ್ಪ ಹೊತ್ತು ನಿಂತ. ಅವಳು ರೊಟ್ಟಿ ತಿರುವಿ ಹಾಕಿದಳು. ಮೂವತ್ತು ವರ್ಷ ಜೊತೆಗಿದ್ದ ಹೆಂಗಸಿಗೆ ಗಂಡ ಯಾವ ಓಣಿ ಬಿಟ್ಟು ಯಾವ ಓಣಿಯಲ್ಲಿ ಹೋಗುತ್ತಾನೆ ಎಂಬುದು ತಿಳಿಯದೆ ಇರುತ್ತದೆಯೆ? ತಿಳಿದಿತ್ತು. ಯಾಕೆ ಎಂಬುದು ಮಾತ್ರ ತಿಳಿದಿರಲಿಲ್ಲ. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ, ಹೇಳಹೊರಟರೆ ಅದು ಒಂದು ಮಾತಿನಷ್ಟೂ ದೊಡ್ಡದಾಗಿರಲಿಲ್ಲ. ಒಂದು ಗೇಣು ಜಾಗದ ಸಂಗತಿ, ಅಷ್ಟೇ.

ಈಗ ಬಸ್ಸು ಗದಗು ಬಿಟ್ಟು ಬಂದಿತ್ತು. ಫಿಲಮ್ಮಿನ ದೊಡ್ಡ ಲಕೋಟೆಯನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು ಅವನು ಕಿಟಕಿಗೆ ಕೂತಿದ್ದ. ಅದು ಮಡಚಲು ಬರುವಂಥದ್ದಲ್ಲ, ಚೀಲದಲ್ಲಿ ಹಿಡಿಸುವಂಥದ್ದಲ್ಲ, ಹಿಡಿದುಕೊಂಡು ಕೂತರೆ ಇಡೀ ಬಸ್ಸಿಗೆ ಕಾಣುವಂಥದ್ದು. ಪಕ್ಕದಲ್ಲಿ ಬಂದು ಕೂತಿದ್ದ ಹೆಂಗಸು ಲಕೋಟೆಯನ್ನು ನೋಡಿದಳು, ಅವನ ಮುಖ ನೋಡಿದಳು, ಸೆರಗನ್ನು ಮೂಗಿಗೆ ತಂದುಕೊಂಡು ಸೀಟಿನ ಆ ತುದಿಗೆ ಸರಿದಳು. ಒಂದಷ್ಟು ದೂರ ಹೋದ ಮೇಲೆ ಹಿಂದೆ ಜಾಗ ಖಾಲಿಯಾಗಿ ಎದ್ದೇ ಹೋದಳು. ಅವನಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು ಎಂದು ಮಾತ್ರ ಅನಿಸಿತು. ಸರಿದು ಕೂರುವವರ ಮೇಲೆ ಸಿಟ್ಟು ಮಾಡಿಕೊಳ್ಳುವ ಯೋಗ್ಯತೆ ತನಗೆಲ್ಲಿದೆ? ಹೊರಗೆ ಎರೆಹೊಲಗಳಲ್ಲಿ ಹತ್ತಿ ಒಡೆದು ನಿಂತಿತ್ತು. ಹೆಣ್ಣಾಳುಗಳು ಉಡಿ ಕಟ್ಟಿಕೊಂಡು ಸಾಲು ಹಿಡಿದಿದ್ದರು. ದೂರದಲ್ಲಿ ಕಪ್ಪತಗುಡ್ಡದ ನೆತ್ತಿಯ ಮೇಲೆ ಗಾಳಿಯ ಫ್ಯಾನುಗಳು ಕೆಲವು ತಿರುಗುತ್ತಿದ್ದವು, ಕೆಲವು ಮನಸ್ಸಿಲ್ಲದೆ ನಿಂತಿದ್ದವು. ಬಿಳಿ ಅಂದರೆ ಚೊಕ್ಕ, ಕರಿ ಅಂದರೆ ಹೊಲಸು. ಪಿಂಜಾರರ ಮನೆಯಲ್ಲಿ ಹುಟ್ಟಿದವನಿಗೆ ಇದನ್ನು ಬೇರೆ ಯಾರೂ ಕಲಿಸಬೇಕಾಗಿಲ್ಲ. ಹಳೆಯ ಗಾದಿ ಬಿಚ್ಚಿದರೆ ಒಳಗಿನ ಹತ್ತಿಯ ಅರಳಿ ಕರ್ರಗಾಗಿ ಗಂಟು ಕಟ್ಟಿರುತ್ತದೆ, ಹಿಂಜಿ ಗಾಳಿಗೆ ಬಿಟ್ಟರೆ ಬೆಳ್ಳಗೆ ಅರಳುತ್ತದೆ. ಅವನ ಅಪ್ಪ ಬಿಲ್ಲಿನಿಂದ ಹಿಂಜುತ್ತಿದ್ದ, ಅವನು ಮಿಷನ್ನು ತಂದ, ಈಗ ಅಯ್ಯೂಬ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಅದೇ ಮಿಷನ್ನು ನಡೆಸುತ್ತಾನೆ. ಮೂರು ತಲೆಮಾರು ಕರಿಯದನ್ನು ಬಿಳಿ ಮಾಡಿ ಅನ್ನ ಉಂಡವರು ಇವರು. ಅಂಥವನ ಕೈಗೆ ಬೇಸಿಗೆಯ ಆ ದಿನ ಫಿಲಂ ಕೊಟ್ಟು, ಡಾಕ್ಟರು ಕರೆಯುತ್ತಾರೆ, ಅಲ್ಲಿ ಬೆಂಚಿನ ಮೇಲೆ ಕುಂಡ್ರಿ ಅಂದಿದ್ದರು.

ತಗಡಿನ ನೆರಳಿನ ಕೆಳಗೆ ಒಂದು ಕಬ್ಬಿಣದ ಬೆಂಚು. ಇಬ್ಬರಿಗೂ ಜ್ವರ. ಇಬ್ಬರ ಮೂಗಿನಲ್ಲೂ ಕಡ್ಡಿ ಆಡಿಸಿ ಇಬ್ಬರಿಗೂ ರೋಗವಿದೆ ಎಂದು ಹೇಳಿಯಾಗಿತ್ತು. ಆದರೂ ಅಂದಾನಪ್ಪನ ಬಾಯಿ ಸುಮ್ಮನಿರುವಂಥದ್ದಲ್ಲ. ರಹಮಾನಸಾಬನ ಅಂಗಡಿಯ ಗೋಡೆಗೇ ತನ್ನ ಹೊಲಿಗೆ ಮಿಷನ್ನು ಹಾಕಿಕೊಂಡು, ಇವನು ಹಿಂಜಿ ತುಂಬುವ ಗಾದಿಗಳಿಗೆಲ್ಲ ಬಟ್ಟೆಯ ಖೋಳ ಹೊಲಿದುಕೊಂಡು, ದಿನವಿಡೀ ಹೋಗುವವರು ಬರುವವರನ್ನು ಕಾಡಿಸಿಕೊಂಡು ಕೂತಿರುತ್ತಿದ್ದ ಮನುಷ್ಯ ಅವನು. ಎರಡೂ ಫಿಲಂ ಹೊರಗೆ ತೆಗೆದ, ಬಿಸಿಲಿಗೆ ಹಿಡಿದ. “ನೋಡಲೇ ರಹಮಾನ, ನಂದು ಕಾಗಿ ಹಂಗ ಕರ್ರಗ ಆಗೇತಿ. ನಿಂದು ನೋಡು, ಹಿಂಜಿದ ಅರಳಿ ತುಂಬಿದಂಗ ಐತಿ. ಉಳದಿಬಿಡು ಮಗನ.” ರಹಮಾನಸಾಬ ನೋಡಿದ. ಖರೆಯೇ ಇತ್ತು. ತನ್ನ ಎದೆಯ ಗೂಡಿನಲ್ಲಿ ಎರಡೂ ಕಡೆ ಹೊಸ ಅರಳಿ, ಬೆಳ್ಳಗೆ, ಮೋಡ ಮೋಡವಾಗಿ. ಅಂದಾನಪ್ಪನ ಗೂಡಿನಲ್ಲಿ ಬರೀ ಕತ್ತಲೆ. “ಏನೂ ಆಗೂದಿಲ್ಲ ತಗೋ” ಎಂದು ಬಾಯಿ ಹೇಳಿತು. ಆದರೆ ಎದೆಯೊಳಗೆ ಒಂದು ಸಂತೋಷ ಎದ್ದು ನಿಂತಿತ್ತು, ನಾಚಿಕೆಯಿಲ್ಲದ ಸಂತೋಷ: ಸಾವು ನನ್ನದಲ್ಲ, ಇವನದು. ಅದರ ಬೆನ್ನಿಗೇ ಅವನು ಸರಿದ. ಬೇಕೆಂದು ಸರಿಯಲಿಲ್ಲ ಎಂದು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡದ್ದುಂಟು, ಆದರೆ ಅರಿಯದೆಯೂ ಸರಿದದ್ದಲ್ಲ. ಇಬ್ಬರಿಗೂ ಇದ್ದದ್ದು ಒಂದೇ ರೋಗ, ಹೊಸದಾಗಿ ಅಂಟುವುದು ಏನೂ ಉಳಿದಿರಲಿಲ್ಲ. ಅವನು ರೋಗದಿಂದ ಸರಿದದ್ದಲ್ಲ, ಸಾಯುವವನ ಪಕ್ಕದಿಂದ ಸರಿದದ್ದು. ಬೆಂಚಿನ ಮೇಲೆ ಒಂದು ಗೇಣು ಜಾಗ ಬಿದ್ದಿತು. ಅಂದಾನಪ್ಪ ಆ ಜಾಗವನ್ನು ನೋಡಿದನೋ ಇಲ್ಲವೋ. ಹೆಗಲ ಮೇಲಿನ ಟವೆಲ್ಲು ತೆಗೆದು, ಮಡಿಕೆ ಮಾಡಿ, ಅದೇ ಜಾಗದಲ್ಲಿ ಇಟ್ಟ.

ಆ ಟವೆಲ್ಲು ಇಟ್ಟದ್ದು ಯಾಕೆ ಎಂಬುದೇ ರಹಮಾನಸಾಬನನ್ನು ಇಷ್ಟು ದಿನ ತಿಂದದ್ದು. ಸೆಕೆಗೆ ಇಟ್ಟಿರಬಹುದು. ಕೈ ಸೋತು ಇಟ್ಟಿರಬಹುದು. ಇಲ್ಲ, ನೋಡಿಯೇ ಇಟ್ಟಿರಬಹುದು. ಅಷ್ಟರಲ್ಲಿ ಅಂದಾನಪ್ಪನನ್ನು ಒಳಗೆ ಕರೆದರು, ಅವನು ಟವೆಲ್ಲು ಕೊಡವಿಕೊಂಡು ಹೋದ, ಸ್ವಲ್ಪ ಹೊತ್ತಿಗೆ ನಗುತ್ತ ಹೊರಗೆ ಬಂದ. “ಚೊಕ್ಕ ಐತಂತಲೇ! ಕರ್ರಗ ಇದ್ರನs ಚೊಕ್ಕಂತ. ಗುಳಿಗಿ ಕೊಟ್ಟಾರ, ಮನಿಗೆ ಹೋಗು ಅಂದಾರ.” ಆಮೇಲೆ ಇವನ ಸರದಿ. ಡಾಕ್ಟರು ಇವನ ಫಿಲಮ್ಮನ್ನು ದೀಪದ ಹಲಗೆಗೆ ಸಿಗಿಸಿ ಬಹಳ ಹೊತ್ತು ನೋಡಿದರು, ಬೆರಳಿಗೆ ಒಂದು ಚಿಮಟ ಹಾಕಿ ನೋಡಿದರು, ಮತ್ತೆ ಫಿಲಂ ನೋಡಿದರು. ಗಾಳಿ ಇರುವಲ್ಲಿ ಕರಿ ಕಾಣುತ್ತದೆ, ಗಾಳಿ ಹೋಗದೆ ಕೀವು ನೀರು ತುಂಬಿದಲ್ಲಿ ಬಿಳಿ ಕಾಣುತ್ತದೆ ಎಂದು ಹೇಳಿ, “ಮನಿಯವರು ಯಾರು ಬಂದೀರಿ?” ಎಂದು ಕೇಳಿದರು. ಹೊರಗೆ ನಿಂತಿದ್ದ ಅಯ್ಯೂಬನ ಮುಖ ಒಮ್ಮೆಲೇ ಸಣ್ಣ ಹುಡುಗನದಾಯಿತು. ರಹಮಾನಸಾಬನನ್ನು ಗಾಡಿಯಲ್ಲಿ ಮಲಗಿಸಿ ತಳ್ಳಿಕೊಂಡು ಹೋಗುವಾಗ ಅಂದಾನಪ್ಪ ಬೆಂಚಿನ ಹತ್ತಿರವೇ ನಿಂತಿದ್ದ. ಈಗ ಅವನಲ್ಲವೆ ಸರಿಯಬೇಕಾದದ್ದು? ಅವನು ಸರಿಯಲಿಲ್ಲ. ಎರಡು ಹೆಜ್ಜೆ ಜೊತೆಗೆ ನಡೆದು ಬಂದು ಇವನ ಕಾಲಿನ ಹೆಬ್ಬೆರಳು ಹಿಡಿದು ಅಲ್ಲಾಡಿಸಿದ. ಅಂದಾನಪ್ಪನನ್ನು ಅವನು ಕಡೆಯ ಸಲ ನೋಡಿದ್ದು ಅದು. ಮಾಸ್ಕಿನ ಮೇಲೆ ಕಣ್ಣು ಮಾತ್ರ ಕಾಣುತ್ತಿತ್ತು, ನಗುತ್ತಿದ್ದನೋ ಇಲ್ಲವೋ ತಿಳಿಯಲಿಲ್ಲ.

ಇಂದು ಬೆಳಿಗ್ಗೆ ಅದೇ ಡಾಕ್ಟರ ಮುಂದೆ ಕೂತಾಗ ತಾನು ಅಂದಾನಪ್ಪನ ಮಾತು ಎತ್ತುತ್ತೇನೆಂದು ಅವನು ಅಂದುಕೊಂಡಿರಲಿಲ್ಲ. ಡಾಕ್ಟರು ಹೊಸ ಫಿಲಂ ಸಿಗಿಸಿ, ಆಸ್ಪತ್ರೆಯಲ್ಲೇ ಉಳಿದಿದ್ದ ಹಳೆಯದನ್ನೂ ಪಕ್ಕಕ್ಕೆ ಸಿಗಿಸಿ, ಖುಷಿಯಿಂದಲೇ ಇದ್ದರು. “ನೋಡ್ರಿ, ಎಲ್ಲಾ ಬಿಟ್ಟೈತಿ. ಕೆಳಗ ಎರಡು ಗೆರಿ ಉಳದಾವ, ಅವು ಗಾಯದ ಕಲಿ. ಹೊಲಿಗಿ ಹಾಕಿದಲ್ಲಿ ಉಳದಂಗ. ಇರ್ತಾವ ಅವು. ಅರಳಿ ಧೂಳು ಮಾತ್ರ ಬ್ಯಾಡ.” ಹೂಂ ಅಂದ. ಏಳಬೇಕು, ಏಳಲಿಲ್ಲ. “ಸಾಹೇಬ್ರ, ಅವತ್ತು ನನ್ನ ಕೂಡ ಒಬ್ಬಾವ ಬಂದಿದ್ದ. ಚೊಕ್ಕ ಐತಿ ಅಂತ ನೀವು ಕಳಿಸಿದ್ರಿ. ಅಂವ ಹೋದ.” ತಪ್ಪು ಹೊರಿಸಲು ಬಂದಿದ್ದಾನೆಂದು ಡಾಕ್ಟರು ತಿಳಿದಾರೆಂದು ಅವನಿಗೆ ಗಾಬರಿಯಾಯಿತು. ಅವರು ಹಾಗೆ ತಿಳಿಯಲಿಲ್ಲ, ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು, ಆ ಬೇಸಿಗೆಯಲ್ಲಿ ಎಷ್ಟು ಜನರನ್ನು ನೋಡಿದ್ದರೋ. “ಫಿಲಂ ಅವತ್ತಿಂದಷ್ಟ ಹೇಳ್ತೈತ್ರಿ. ಮುಂದಿಂದು ಹೇಳೂದಿಲ್ಲ. ಶುರುವಿನಾಗ ಎಷ್ಟೋ ಮಂದೀದು ಚೊಕ್ಕನ ಬರ್ತಿತ್ತು, ಆಮ್ಯಾಲೆ ನೋಡನೋಡುತ್ತ ಬೆಳ್ಳಗ ಆಗ್ತಿತ್ತು. ನಿಮ್ಮಂಥವರು, ಫಿಲಂ ನೋಡಿ ನಾವs ಕೈ ಬಿಟ್ಟವರು, ಎದ್ದು ಹೋದ್ರಿ. ಉಸಿರು ಸಣ್ಣಗ ಆದ್ರ ಒಂದು ಗಳಿಗಿ ನಿಲ್ಲಬ್ಯಾಡ್ರಿ, ಬಂದುಬಿಡ್ರಿ ಅಂತ ಎಲ್ಲಾರಿಗೂ ಹೇಳಿದ್ವಿ.” ಕನ್ನಡಕ ಹಾಕಿಕೊಂಡು, “ಚೊಕ್ಕ ಐತಿ ಅಂದದ್ದಷ್ಟ ಮಂದಿ ಕಿವ್ಯಾಗ ಉಳೀತಿತ್ತು” ಅಂದರು. ಹೊರಗೆ ಬಂದಾಗ ಅದೇ ತಗಡು, ಅದೇ ಬೆಂಚು. ಇಬ್ಬರು ಯಾರೋ ಗಂಡಹೆಂಡಿರು ಕೂತು ಒಂದೇ ಡಬ್ಬಿಯಿಂದ ಬುತ್ತಿ ಉಣ್ಣುತ್ತಿದ್ದರು. ರಹಮಾನಸಾಬ ಆ ಕಡೆ ನೋಡದೆ ಹಾದು ಬಂದ.

ಶಿರಹಟ್ಟಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಹೊತ್ತು ಇನ್ನೂ ಇತ್ತು. ಮನೆಗೆ ಹೋಗಿ ಲಕೋಟೆ ಇಟ್ಟು ಬರಬಹುದಿತ್ತು. ಹೋದರೆ ಚಾ ಆಗುತ್ತದೆ, ಚಾ ಆದರೆ ದಣಿವಾಗುತ್ತದೆ, ನಾಳೆ ಹೋದರಾಯಿತು ಅನಿಸುತ್ತದೆ. ತನ್ನನ್ನು ತಾನು ಅಷ್ಟು ಬಲ್ಲವನಾದ್ದರಿಂದ ಲಕೋಟೆ ಹಿಡಿದುಕೊಂಡೇ ನಡೆದ. ಓಣಿಯ ತಿರುವಿನಲ್ಲಿ ಕಾಲು ಅಭ್ಯಾಸಬಲದಿಂದ ಬ್ಯಾಂಕಿನ ಕಡೆ ಎಳೆಯಿತು, ತಿರುಗಿಸಿಕೊಂಡ. ಹುಚ್ಚವ್ವ ಕಟ್ಟೆಯ ಮೇಲೆಯೇ ಕೂತಿದ್ದಳು. ಗಂಡನ ಹೊಲಿಗೆ ಮಿಷನ್ನನ್ನು ಅಂಗಡಿಯಿಂದ ಮನೆಗೆ ತಂದು ಬಾಗಿಲ ಪಕ್ಕ ಹಾಕಿಕೊಂಡಿದ್ದಳು. ಮೊದಲಿಗಿಂತ ಬಡವಾಗಿದ್ದಳು, ಕುತ್ತಿಗೆಯಲ್ಲಿ ಬೆಳ್ಳಿಯ ಲಿಂಗದ ಕರಡಿಗೆಯೊಂದೇ ಇತ್ತು. ಗಾದಿಯನ್ನು ಸುತ್ತಿ, ಹಳೆಯ ಸೀರೆಯಿಂದ ಕಟ್ಟಿ, ಕಟ್ಟೆಯ ಮೇಲೆ ತಂದಿಟ್ಟಿದ್ದಳು. ಅದರ ಖೋಳದ ನೀಲಿ ಪಟ್ಟೆಯನ್ನು ನೋಡಿದ ಕೂಡಲೇ ಅವನಿಗೆ ಗುರುತು ಹತ್ತಿತು. ತಾನೇ ತುಂಬಿದ್ದು, ಅಂದಾನಪ್ಪ ಹೊಲಿದದ್ದು, ಅಂದಾನಪ್ಪನೇ ಮಲಗುತ್ತಿದ್ದದ್ದು.

“ಬರ್ರಿ ರಹಮಾನಸಾಬ. ಕುಂಡ್ರಿ.”

ಅವನು ನಡುವೆ ಗಾದಿ ಬಿಟ್ಟು ಕಟ್ಟೆಯ ಮೇಲೆ ಕೂತ.

“ಸುಡು ಅಂದ್ರು ಎಲ್ಲಾರೂ” ಅಂದಳು, ಗಾದಿಯ ಮೇಲೆ ಕೈಯಿಟ್ಟು. “ಹಳ್ಳಕ್ಕ ಒಗದು ಬಾ ಅಂದ್ರು. ನಾ ಒಳಗ ಸುತ್ತಿಟ್ಟೆ. ಹಿಂಜಿಸಿ ನಾನs ಹಾಸಿಕೊಳ್ಳೂದು. ಅರಳಿ ಏನ್ ಪಾಪ ಮಾಡೇತಿ?”

“ಅರಳಿ ಚೊಲೋದು ಅಕ್ಕಾರ. ಕೆಟ್ಟಿರೂದಿಲ್ಲ.”

“ಅಯ್ಯೂಬನ ಕಡೆ ಕಳಸಬಹುದಿತ್ತು. ನೀವು ಬರಲಿ ಅಂತನs ನಾ ಹಂಗ ಹೇಳಿ ಕಳಿಸಿದ್ದು.” ಅವಳು ಎದ್ದು ಒಳಗೆ ಹೋದಳು. ಇನ್ನು ಬಂತು ಎಂದು ಅವನು ಅಂದುಕೊಂಡ. ಹೊರಗೆ ಬರುವಾಗ ಅವಳ ಕೈಯಲ್ಲಿ ಅಂಥದೇ ಒಂದು ಲಕೋಟೆ ಇತ್ತು. ಅವಳು ಅದರೊಳಗಿಂದ ಅಂದಾನಪ್ಪನ ಫಿಲಂ ತೆಗೆದು, ಪಡುವಣ ಬೆಳಕಿಗೆ ಎತ್ತಿ ಹಿಡಿದಳು. ದಿನಾ ಹೀಗೆ ನೋಡುತ್ತಾಳೆಂದು ಹಿಡಿದ ರೀತಿಯಿಂದಲೇ ತಿಳಿಯುತ್ತಿತ್ತು. “ನಿಮ್ಮದು ತಗೀರಿ” ಅಂದಳು. ತೆಗೆದ. “ಇದು ಅವತ್ತಿಂದಲ್ಲಲ್ಲ?” “ಇವತ್ತಿಂದು.” ಎರಡನ್ನೂ ಜೋಡಿಸಿ ಹಿಡಿದಳು. ಎರಡೂ ಕರ್ರಗಿದ್ದವು. ಒಂದರ ಕೆಳಗೆ ಮಾತ್ರ ಎರಡು ಬಿಳಿ ಎಳೆ. ಅಂದಾನಪ್ಪನ ಫಿಲಮ್ಮಿನ ನಡುವೆ ಅವನ ಕರಡಿಗೆಯ ನೆರಳು ದುಂಡಗೆ ಬೆಳ್ಳಗೆ ಬಿದ್ದಿತ್ತು. ತೆಗೆದಿಡು ಅಂದರೂ ತೆಗೆದಿರಲಿಲ್ಲ ಅವನು, ದೇವರನ್ನು ಬಿಟ್ಟು ನಿಲ್ಲುವುದಿಲ್ಲ ಅಂದಿದ್ದ. ಅಷ್ಟು ಬಿಟ್ಟರೆ ಒಬ್ಬನೇ ಮನುಷ್ಯನ ಎರಡು ಫಿಲಂ ಅಂದರೂ ನಂಬುವ ಹಾಗಿತ್ತು. ಈಗ ಕೇಳುತ್ತಾಳೆ, ನಿನ್ನ ಜೀವ ಹೇಗೆ ತಿರುಗಿ ಬಂತು, ಇವನದು ಯಾಕೆ ಬರಲಿಲ್ಲ ಎಂದು ಕೇಳುತ್ತಾಳೆ. ಅವನು ನೆಲ ನೋಡುತ್ತ ಕೂತ.

“ಇಷ್ಟು ಚೊಕ್ಕ ಇತ್ತು” ಅಂದಳು ಹುಚ್ಚವ್ವ. ದನಿ ಏರಲಿಲ್ಲ. “ಉಸಿರು ಸಣ್ಣಗ ಆತು. ಗದಗಿಗೆ ಹೋಗೂಣು ಅಂದ್ರು. ನಾನs ಬ್ಯಾಡ ಅಂದೆ. ಫಿಲಂ ಚೊಕ್ಕ ಐತಿ, ಸುಮ್ನ ಅಲ್ಲಿ ಮಂದ್ಯಾಗ ಹೋಗಿ ಕುಂತ್ರ ಹೆಚ್ಚಾದೀತು ಅಂದೆ. ಕಷಾಯ ಕಾಸಿ ಕಾಸಿ ಕೊಟ್ಟೆ. ಇದನ್ನ ಗ್ವಾಡಿಗೆ ಮೊಳಿ ಹೊಡದು ತೂಗು ಹಾಕಿದ್ದೆ ನೋಡ್ರಿ, ಅವರ ಕಣ್ಣಿಗೆ ಕಾಣಲಿ, ಧೈರ್ಯ ಬರಲಿ ಅಂತ.” ಫಿಲಮ್ಮಿನ ಮೇಲುತುದಿಯಲ್ಲಿ ತೂತು ಇತ್ತು. “ಇದು ಸುಳ್ಳು ಹೇಳಿತೇನು ರಹಮಾನಸಾಬ?”

ಇಷ್ಟು ದಿನ ಅವಳು ತನ್ನನ್ನು ಏನೋ ಕೇಳಲಿದ್ದಾಳೆಂದು ಅವನು ಹೆದರಿದ್ದ. ಕೇಳಿದ್ದು ಇದು. ಅವಳೂ ಅವನ ಹಾಗೆಯೇ ಒಂದು ಫಿಲಂ ನೋಡಿ ಮೋಸ ಹೋದವಳು, ಅವಳೂ ರಾತ್ರಿಯೆಲ್ಲ ಎದ್ದು ಕೂತವಳು, ಅದು ಅವನ ತಲೆಗೆ ಒಂದು ಸಲವಾದರೂ ಹೊಳೆದಿರಲಿಲ್ಲ. ತನ್ನ ಒಂದು ಗೇಣು ಜಾಗದಲ್ಲೇ ಮುಳುಗಿ ಹೋಗಿದ್ದ. ಬೆಳಿಗ್ಗೆ ಡಾಕ್ಟರು ಹೇಳಿದ್ದನ್ನೆಲ್ಲ ಒಂದಕ್ಷರ ಬಿಡದೆ ಹೇಳಿದ. “ಸುಳ್ಳು ಹೇಳಿಲ್ಲ ಅಕ್ಕಾರ. ಅವತ್ತು ಖರೇನ ಚೊಕ್ಕ ಇತ್ತಂತ. ಅವತ್ತಿಂದಷ್ಟ ಹೇಳ್ತೈತಂತ ಅದು. ಎಷ್ಟೋ ಮಂದೀದು ಹಂಗs ಆತಂತ.” ಅವಳು ಬೆರಳಿನಿಂದ ಫಿಲಮ್ಮಿನ ತೂತು ಸವರಿದಳು. ಸಮಾಧಾನ ಆಯಿತೆಂದು ಹೇಳುವ ಹಾಗಿರಲಿಲ್ಲ, ಅಷ್ಟರಿಂದ ಆಗುವ ಸಮಾಧಾನವೂ ಅಲ್ಲ. ಆದರೆ ಫಿಲಂ ಕೆಳಗಿಟ್ಟಳು. ಆಗ ಅವನಿಗೆ ತಾನೂ ಹೇಳಬೇಕು ಅನಿಸಿತು. ಅವಳು ಇಷ್ಟು ಹೇಳಿದ ಮೇಲೆ ತಾನು ಬಾಯಿ ಮುಚ್ಚಿಕೊಂಡು ಎದ್ದು ಹೋದರೆ ಅದು ಇನ್ನೊಮ್ಮೆ ಸರಿದ ಹಾಗೆ.

“ಅಕ್ಕಾರ, ಅವತ್ತು ಬೆಂಚಿನ ಮ್ಯಾಲೆ...”

“ಗೊತ್ತೈತಿ” ಅಂದಳು ಹುಚ್ಚವ್ವ.

ಅವನು ತಲೆ ಎತ್ತಿದ.

“ನಮ್ಮವರು ಮನಿಗೆ ಬಂದು ಮೊದಲು ಹೇಳಿದ್ದs ಅದು. ಪಿಂಜಾರ ನನ್ನ ಮಗಾ ಕರಿ ಫಿಲಂ ನೋಡಿ ಇಷ್ಟ್ ಸರದು ಕುಂತ, ನಾ ನಡುವ ಟವೆಲ್ಲು ಇಟ್ಟೆ, ಇಲ್ಲಂದ್ರ ಬೆಂಚ್ ತೀರಿ ಕೆಳಗ ಬೀಳ್ತಿದ್ದ ಅಂತ. ನಕ್ಕೋತ ಕೆಮ್ಮೋತ, ಕೆಮ್ಮೋತ ನಕ್ಕೋತ. ಅಂವ ಬರಲಿ ದವಾಖಾನಿಯಿಂದ, ಇದನ್ನ ಹೇಳಿ ಹೇಳಿ ಮಾನಾ ಕಳೀತೀನಿ ಅಂತಿದ್ರು.” ಅವಳು ಗಾದಿಗೆ ಕಟ್ಟಿದ್ದ ಸೀರೆಯ ಗಂಟು ಬಿಚ್ಚುತ್ತಿದ್ದಳು, ಕೈ ನಿಂತಿತು. “ನನಗ ಸಿಟ್ಟು ಬಂದಿತ್ತು. ಸುಳ್ಳ್ಯಾಕ ಹೇಳ್ಲಿ, ಭಾಳ ಬಂದಿತ್ತು. ಅವರಿಗೆ ಬಂದಿದ್ದಿಲ್ಲ. ನೀವು ಬರ್ತೀರಿ, ಬಂದ್ರ ಹೇಳಬೇಕು ಅಂತ ನಾ ಹಾದಿ ಕಾದೆ. ನೀವು ಬರಲೇ ಇಲ್ಲ. ಕಾಡಸಾಕ ಅವರಂತೂ ಇಲ್ಲ, ನಾನರ ಹೇಳಿ ಮುಟ್ಟಿಸಬೇಕಲ್ಲ.”

ರಹಮಾನಸಾಬನಿಗೆ ನಗು ಬಂತು, ಅದು ಕೆಮ್ಮಾಯಿತು, ಕೆಮ್ಮು ನಿಲ್ಲುವಷ್ಟರಲ್ಲಿ ಕಣ್ಣೆಲ್ಲ ನೀರು. ಹೆಗಲ ಮೇಲಿನ ಬಟ್ಟೆಯಿಂದ ಒರೆಸಿಕೊಂಡ. ಹೆಬ್ಬೆರಳು ಹಿಡಿದು ಅಲ್ಲಾಡಿಸಿದಾಗ ಅಂದಾನಪ್ಪ ನಗುತ್ತಿದ್ದ, ಈಗ ಅನುಮಾನ ಉಳಿಯಲಿಲ್ಲ. ಹುಚ್ಚವ್ವ ಅವನ ಕಡೆ ನೋಡದೆ, ಗಾದಿಯ ಬಾಯಿಯ ಹೊಲಿಗೆಯನ್ನು ಕತ್ತರಿಯಿಂದ ಒಂದೊಂದೇ ಬಿಚ್ಚಿದಳು. ಗಂಡ ಹಾಕಿದ ಹೊಲಿಗೆ ಗಟ್ಟಿಯಾಗಿತ್ತು, ಹೊತ್ತು ಹಿಡಿಯಿತು. ಒಳಗಿನ ಅರಳಿ ಒತ್ತಿ ಒತ್ತಿ ಹೆಂಟೆ ಕಟ್ಟಿತ್ತು, ನಡುವೆ ಬೆನ್ನಿನ ಜಾಗದಲ್ಲಿ ಹೆಚ್ಚು ಕರ್ರಗಾಗಿತ್ತು. ಅವನು ಕೈ ಚಾಚಿದ.

“ನೀವು ಮುಟ್ಟಬ್ಯಾಡ್ರಿ. ಮೋತಿಬಿ ಎಲ್ಲಾ ಹೇಳ್ಯಾಳ. ಹೆಂಗ ಬಿಡಿಸೂದು ಹೇಳ್ರಿ, ನಾ ಬಿಡಸ್ತೀನಿ. ಆಮ್ಯಾಲೆ ಅಯ್ಯೂಬ ಒಯ್ದು ಹಿಂಜಲಿ.”

ಅವಳು ಒಂದು ಹೆಂಟೆ ಎತ್ತಿ ಒಡೆದಳು. ಧೂಳೆದ್ದು ಇಳಿಬಿಸಿಲಿನಲ್ಲಿ ಅವನ ಕಡೆ ತೇಲಿತು. ಅವಳು ಅದನ್ನು ನೋಡಿದಳು, ಗಾಳಿ ಎತ್ತ ಬೀಸುತ್ತಿದೆ ಎಂದು ನೋಡಿದಳು, ಉಡಿಯ ತುಂಬ ಅರಳಿ ತುಂಬಿಕೊಂಡು ಎದ್ದು ಅವನನ್ನು ದಾಟಿ, ಗಾಳಿ ಬೀಸಿ ಹೋಗುವ ಕಡೆಯ ಕಟ್ಟೆಯ ಮೂಲೆಗೆ ಸರಿದು ಕೂತಳು. “ಇಲ್ಲಿಂದ ನಿಮಗ ಬರೂದಿಲ್ಲ” ಅಂದಳು.

ಅಷ್ಟು ದೂರದಲ್ಲಿ ಅವಳು ಹೆಂಟೆಯನ್ನು ತಪ್ಪು ಕಡೆಯಿಂದ ಎಳೆಯುತ್ತಿದ್ದಳು, ಎಳೆ ಹರಿಯುತ್ತಿತ್ತು. ರಹಮಾನಸಾಬ ಎರಡೂ ಫಿಲಂಗಳನ್ನು ಒಂದೇ ಲಕೋಟೆಯಲ್ಲಿ ಹಾಕಿ ಗೋಡೆಗೆ ಆನಿಸಿಟ್ಟ. ಹೆಗಲ ಮೇಲಿನ ಬಟ್ಟೆ ತೆಗೆದು, ಮಡಚಿ, ಮೂಗು ಬಾಯಿಗೆ ಬಿಗಿಯಾಗಿ ಕಟ್ಟಿಕೊಂಡ.

“ಅಷ್ಟು ದೂರ ಕುಂತ್ರ ಗಂಟು ಎಲ್ಲಿ ಐತಿ ಅಂತ ನನಗ ಕಾಣೂದಿಲ್ಲ ಅಕ್ಕಾರ” ಎಂದು ಹೇಳಿ, ಕಟ್ಟೆಯ ಮೇಲೆ ಅವಳ ಕಡೆಗೆ ಸರಿದು ಕೂತ.